ಷರತ್ತಿಗೆ ಸಹಿ ಹಾಕದ ಪಾಸ್ಟರ್: ಓವನ್ ಲವ್‌ಜಾಯ್ ಅವರ ಜೀವನ

  

ಇವತ್ತಿನ ವಾಕ್ಯಭಾಗ ಧರ್ಮೋಪದೇಶಕಾಂಡ 23ನೇ ಅಧ್ಯಾಯ, 15 ಮತ್ತು 16ನೇ ವಚನ. ಬೈಬಲ್ ತೆರೆದು ನಿಮ್ಮ ಕಣ್ಣಿಂದಲೇ ಒಂದ್ಸಲ ಓದಿಕೊಳ್ಳಿ. ಯಜಮಾನನ ಕೈಯಿಂದ ತಪ್ಪಿಸಿಕೊಂಡು ನಿನ್ನ ಹತ್ತಿರ ಓಡಿ ಬಂದ ದಾಸನನ್ನ ಹಿಡಿದು ವಾಪಸ್ ಕೊಡಬಾರದು, ಅವನಿಗೆ ಇಷ್ಟವಾದ ಊರಲ್ಲಿ ಅವನು ಇರಲಿ, ಅವನಿಗೆ ಕಷ್ಟ ಕೊಡಬೇಡ ಅಂತ ದೇವರು ಮೋಶೆಯ ಮೂಲಕ ಹೇಳ್ತಾ ಇದ್ದಾರೆ. ಎರಡೇ ವಚನ. ನಾವು ಬೈಬಲ್ ಓದುವಾಗ ದಾಟಿಕೊಂಡು ಹೋಗಿಬಿಡುವಂಥ ಭಾಗ ಇದು. ಆದರೆ ಈ ಎರಡು ವಚನ ಹೇಳುವುದನ್ನೇ ಜೀವನಪೂರ್ತಿ ಮಾಡಿ ತೋರಿಸಿದ ಒಬ್ಬ ಮನುಷ್ಯರ ಬಗ್ಗೆ ಇವತ್ತು ನಿಮ್ಮ ಜೊತೆ ಮಾತಾಡಬೇಕು ಅಂತ ನನಗೆ ಭಾರ ಇದೆ.

ಅವರ ಹೆಸರು ಓವನ್ ಲವ್‌ಜಾಯ್. ಅಮೆರಿಕದವರು. 17 ವರ್ಷ ಪಾಸ್ಟರ್ ಆಗಿದ್ದವರು, ಆಮೇಲೆ ಅಲ್ಲಿಯ ಕಾಂಗ್ರೆಸ್‌ಗೆ ಆಯ್ಕೆ ಆದವರು. ಕಾಂಗ್ರೆಸ್ ಅಂದ್ರೆ ನಮ್ಮ ಪಾರ್ಟಿ ಅಲ್ಲ, ಅವರ ಪಾರ್ಲಿಮೆಂಟ್. ಅಬ್ರಹಾಂ ಲಿಂಕನ್ ನಿಮಗೆಲ್ಲ ಗೊತ್ತು. ಆ ಲಿಂಕನ್‌ಗೆ ಬಹಳ ಆಪ್ತರಾಗಿದ್ದವರು ಇವರು.

ಇವರ ಜೀವನವನ್ನೇ ಯಾಕೆ ಆರಿಸಿಕೊಂಡೆ? ಯೌವನಸ್ಥರ ಕೂಟದಲ್ಲಿ ನನಗೆ ಪದೇ ಪದೇ ಬರೋ ಪ್ರಶ್ನೆ ಒಂದಿದೆ. ಪಾಸ್ಟರ್, ಜೀವನದಲ್ಲಿ ಮೇಲೆ ಬರಬೇಕು, ದೊಡ್ಡ ಸ್ಥಾನಕ್ಕೆ ಹೋಗಬೇಕು ಅಂತ ಆಸೆಪಡೋದು ಪಾಪನಾ? ಈ ಪ್ರಶ್ನೆಗೆ ಓವನ್ ಲವ್‌ಜಾಯ್ ಅವರ ಜೀವನದಲ್ಲಿ ಒಂದು ಗಟ್ಟಿ ಉತ್ತರ ಇದೆ ಅಂತ ನಾನು ನಂಬ್ತೇನೆ. ಕೊನೆವರೆಗೂ ಗಮನ ಕೊಟ್ಟು ಕೇಳಿ.

ಅವರು ಹುಟ್ಟಿದ್ದು 1811ರ ಜನವರಿ 6ರಂದು, ಮೇಯ್ನ್ ಪ್ರಾಂತದ ಆಲ್ಬಿಯನ್ ಅನ್ನೋ ಊರಲ್ಲಿ. ತಂದೆ ಡೇನಿಯಲ್ ಲವ್‌ಜಾಯ್ ಸಭಾಪಾಲಕರು. ಹೊಲ, ಚಳಿ, ಪ್ರಾರ್ಥನೆ, ಪುಸ್ತಕ, ಇದರ ಮಧ್ಯೆ ಬೆಳೆದ ಮಕ್ಕಳು. ಓವನ್ ಬೋಡನ್ ಕಾಲೇಜಿಗೆ ಸೇರಿದರು. 1833ರಲ್ಲಿ ತಂದೆ ತೀರಿಕೊಂಡರು. ಓವನ್ ಕಾಲೇಜು ಮುಗಿಸಲಿಲ್ಲ. 1836ರಲ್ಲಿ ಅವರು ದೂರದ ಇಲಿನಾಯ್ ರಾಜ್ಯದ ಆಲ್ಟನ್ ಪಟ್ಟಣಕ್ಕೆ, ಅಣ್ಣನ ಹತ್ತಿರ ಬಂದರು. ದೇವರ ಸೇವೆಗೆ ತಯಾರಾಗಬೇಕು ಅನ್ನೋದು ಆಸೆ.

ಈ ಅಣ್ಣನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಲೇಬೇಕು. ಹೆಸರು ಎಲೈಜಾ, ನಮ್ಮ ಬೈಬಲಿನ ಎಲೀಯ. ಅವರು ಪ್ರೆಸ್ಬಿಟೇರಿಯನ್ ಬೋಧಕರು, ಜೊತೆಗೆ ಪತ್ರಿಕೆಯ ಸಂಪಾದಕರು. ಮೊದಲು ಮಿಸ್ಸೂರಿ ರಾಜ್ಯದ ಸೇಂಟ್ ಲೂಯಿಸ್‌ನಲ್ಲಿ ಪತ್ರಿಕೆ ನಡೆಸ್ತಿದ್ದರು. ಅದು ಗುಲಾಮಗಿರಿ ಇದ್ದ ರಾಜ್ಯ. ಮನುಷ್ಯರನ್ನ ಎತ್ತು ಕುದುರೆ ಥರ ಮಾರೋದು, ಕೊಳ್ಳೋದು ಅಲ್ಲಿ ಕಾನೂನುಬದ್ಧ. ಗಂಡನನ್ನ ಒಬ್ಬನಿಗೆ, ಹೆಂಡತಿಯನ್ನ ಇನ್ನೊಬ್ಬನಿಗೆ, ಮಕ್ಕಳನ್ನ ಮತ್ತೊಬ್ಬನಿಗೆ ಮಾರಬಹುದಿತ್ತು. 1836ರ ಏಪ್ರಿಲ್‌ನಲ್ಲಿ ಆ ಊರಲ್ಲಿ ಫ್ರಾನ್ಸಿಸ್ ಮ್ಯಾಕಿಂಟಾಷ್ ಅನ್ನೋ ಸ್ವತಂತ್ರ ಕಪ್ಪು ಮನುಷ್ಯನನ್ನ ಜನರ ಗುಂಪು ಮರಕ್ಕೆ ಕಟ್ಟಿ ಜೀವಂತ ಸುಟ್ಟಿತು. ಎಲೈಜಾ ಅದನ್ನ ಖಂಡಿಸಿ ಬರೆದರು. ಅವರ ಕಚೇರಿಯನ್ನ ಒಡೆದು ಹಾಕಿದರು. ಅವರು ಮಿಸಿಸಿಪ್ಪಿ ನದಿ ದಾಟಿ ಆಲ್ಟನ್‌ಗೆ ಬಂದರು. ಇಲಿನಾಯ್ ಹೆಸರಿಗೆ ಸ್ವತಂತ್ರ ರಾಜ್ಯ, ಗುಲಾಮಗಿರಿ ಇಲ್ಲ. ಆದರೆ ಜನರ ಮನಸ್ಸು? ಮುದ್ರಣ ಯಂತ್ರ ತಂದರೆ ಒಡೀತಿದ್ದರು, ನದಿಗೆ ಎಸೀತಿದ್ದರು. ಒಂದಲ್ಲ, ಎರಡಲ್ಲ, ಮೂರು ಯಂತ್ರ ಹೋಯ್ತು. ನಾಲ್ಕನೆಯದನ್ನ ತರಿಸಿದರು.

1837ರ ನವೆಂಬರ್ 7ರ ರಾತ್ರಿ. ನದಿ ದಡದ ಗೋದಾಮಿನಲ್ಲಿ ಆ ನಾಲ್ಕನೇ ಯಂತ್ರ ಇತ್ತು. ಗುಂಪು ಬಂತು. ಏಣಿ ಇಟ್ಟು ಛಾವಣಿಗೆ ಬೆಂಕಿ ಹಚ್ಚೋಕೆ ಹೊರಟರು. ಎಲೈಜಾ ಆ ಏಣಿಯನ್ನ ತಳ್ಳೋಕೆ ಹೊರಗೆ ಬಂದರು. ಗುಂಡು ಹಾರಿತು. ಅಲ್ಲೇ ಸತ್ತರು. ಎರಡು ದಿನದ ಮೇಲೆ ಅವರನ್ನ ಮಣ್ಣು ಮಾಡಿದ ದಿನ ಅವರ 35ನೇ ಹುಟ್ಟುಹಬ್ಬ. ಈ ಕೊಲೆಗೆ ಯಾರಿಗೂ ಶಿಕ್ಷೆ ಆಗಲಿಲ್ಲ.

ತಮ್ಮ ಓವನ್‌ಗೆ ಆಗ 26 ವರ್ಷ. ಇಲ್ಲಿ ಕೂತಿರೋ ಎಷ್ಟೋ ಜನರ ವಯಸ್ಸು. ಅಣ್ಣನ ಶವದ ಪಕ್ಕದಲ್ಲಿ ಮೊಣಕಾಲೂರಿ ದೇವರ ಮುಂದೆ ಒಂದು ಹರಕೆ ಮಾಡಿಕೊಂಡರು. ಈ ರಕ್ತ ಬಿದ್ದ ಉದ್ದೇಶವನ್ನ ನಾನು ಬಿಡೋದಿಲ್ಲ ಅಂತ.

ಎರಡನೇ ಅರಸುಗಳು 2ನೇ ಅಧ್ಯಾಯ ನೆನಪಿಸಿಕೊಳ್ಳಿ. ಎಲೀಯ ಹೋದ, ಅವನ ಕಂಬಳಿ ಕೆಳಗೆ ಬಿತ್ತು, ಎಲೀಷ ಅದನ್ನ ಎತ್ತಿಕೊಂಡ. ನಾವೆಲ್ಲ ಕಂಬಳಿ ಅಂದ ಕೂಡಲೇ ಅಭಿಷೇಕ, ಬಲ, ಅದ್ಭುತ ಅಂತ ಹಲ್ಲೆಲೂಯ ಹೇಳ್ತೀವಿ. ಒಳ್ಳೇದೇ. ಆದರೆ ಓವನ್ ಎತ್ತಿಕೊಂಡ ಕಂಬಳಿಯಲ್ಲಿ ರಕ್ತದ ಕಲೆ ಇತ್ತು. ಅದನ್ನ ಹೊದ್ದುಕೊಂಡರೆ ಅದೇ ಗುಂಪು ನಾಳೆ ತಮ್ಮ ಬಾಗಿಲಿಗೂ ಬರುತ್ತೆ ಅಂತ ಅವರಿಗೆ ಗೊತ್ತಿತ್ತು.

ಇನ್ನೊಂದು ದಾರಿಯೂ ಅವರ ಮುಂದೆ ಇತ್ತು. ಅಣ್ಣನನ್ನ ಕೊಂದವರು ಅದೇ ಊರಲ್ಲಿ ಓಡಾಡ್ತಿದ್ದಾರೆ. ಸೇಡು ತೀರಿಸಿಕೊಳ್ಳಬಹುದಿತ್ತು. ಅವರು ಪೆನ್ನು ತಗೊಂಡರು. 1838ರಲ್ಲಿ ಇನ್ನೊಬ್ಬ ಸಹೋದರ ಜೋಸೆಫ್ ಜೊತೆ ಸೇರಿ ಅಣ್ಣನ ಜೀವನಚರಿತ್ರೆ ಬರೆದರು. ಅದಕ್ಕೆ ಮುನ್ನುಡಿ ಬರೆದುಕೊಟ್ಟವರು ಅಮೆರಿಕದ ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್.

ಈಗ ಮೊದಲನೇ ಪರೀಕ್ಷೆ. ಇದು ಬಂದದ್ದು ಹೊರಗಿಂದ ಅಲ್ಲ, ಸಭೆಯ ಒಳಗಿಂದ. ಓವನ್ ಎಪಿಸ್ಕೋಪಲ್ ಸಭೆಯಲ್ಲಿ ದೀಕ್ಷೆ ತಗೊಂಡು ಸೇವಕರಾಗಬೇಕು ಅಂತಿದ್ದರು. ಬಾಗಿಲು ತೆರೆದೇ ಇತ್ತು. ಒಂದೇ ಒಂದು ಷರತ್ತು: ಗುಲಾಮಗಿರಿಯ ವಿಷಯ ಎತ್ತಿ ಗಲಾಟೆ ಮಾಡೋದಿಲ್ಲ ಅಂತ ಮಾತು ಕೊಡಬೇಕು. ಯೇಸುವನ್ನ ಬಿಡು ಅಂತ ಯಾರೂ ಕೇಳಲಿಲ್ಲ. ಪ್ರಾರ್ಥನೆ ನಿಲ್ಲಿಸು ಅಂತ ಹೇಳಲಿಲ್ಲ. ಈ ಒಂದು ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರು ಅಷ್ಟೇ. ಯೋಚನೆ ಮಾಡಿ. ಅಣ್ಣನನ್ನ ಮಣ್ಣು ಮಾಡಿ ತುಂಬಾ ದಿನ ಆಗಿಲ್ಲ, ಕೈಯಲ್ಲಿ ಕೆಲಸ ಇಲ್ಲ, ಕಾಲೇಜು ಮುಗಿದಿಲ್ಲ. ಒಪ್ಪಿಕೊಂಡರೆ ಗೌರವದ ಸ್ಥಾನ. ಅವರು ಒಪ್ಪಲಿಲ್ಲ.

ದೇವರು ಬೇರೆ ಬಾಗಿಲು ತೆರೆದರು. 1838ರಲ್ಲಿ ಇಲಿನಾಯ್ ರಾಜ್ಯದ ಪ್ರಿನ್ಸ್‌ಟನ್ ಅನ್ನೋ ಹಳ್ಳಿಯ ಕಾಂಗ್ರಿಗೇಶನಲ್ ಸಭೆ ಅವರನ್ನ ಕರೆಯಿತು. ಪ್ರಖ್ಯಾತ ಯೂನಿವರ್ಸಿಟಿ ಇರೋ ಪ್ರಿನ್ಸ್‌ಟನ್ ಅಲ್ಲ ಇದು, ಹುಲ್ಲುಗಾವಲಿನ ಮಧ್ಯೆ ಹೊಸದಾಗಿ ಎದ್ದ ಸಣ್ಣ ಊರು. ಮ್ಯಾಸಚೂಸೆಟ್ಸ್‌ನಿಂದ ವಲಸೆ ಹೊರಟ ವಿಶ್ವಾಸಿಗಳು 1831ರಲ್ಲಿ ಅಲ್ಲೇ ಸಭೆಯಾಗಿ ಕೂಡಿಕೊಂಡು ಇಲ್ಲಿಗೆ ಬಂದಿದ್ದರು. 1855ರ ತನಕ ಓವನ್ ಅಲ್ಲಿ ಪಾಸ್ಟರ್. ಭಾನುವಾರ ಪ್ರಸಂಗಪೀಠದಿಂದ ಗುಲಾಮಗಿರಿ ಪಾಪ ಅಂತ ಸಾರುತ್ತಿದ್ದರು. ಎಲ್ಲರಿಗೂ ಅದು ಹಿಡಿಸಲಿಲ್ಲ. ಎದ್ದು ಹೋದವರಿದ್ದಾರೆ. ಸುತ್ತಲ ಊರುಗಳಿಗೆ ಭಾಷಣಕ್ಕೆ ಹೋದರೆ ಗಲಾಟೆ ಆಗ್ತಿತ್ತು. ಅವರು ಹಳ್ಳಿ ಹಳ್ಳಿಗೆ ಹೋಗೋದು ನಿಲ್ಲಿಸಲಿಲ್ಲ.

ಪೀಠದಲ್ಲಿ ಹೇಳೋದು ಸುಲಭ, ಅಲ್ವಾ? ವಾರದ ಉಳಿದ ಆರು ದಿನ ಮನೆಯಲ್ಲಿ ಏನು ನಡೀತಿತ್ತು ಅಂತ ನೋಡಿ. 1843ರ ಜನವರಿಯಲ್ಲಿ ಓವನ್, ಯೂನಿಸ್ ಅನ್ನೋ ವಿಧವೆಯನ್ನ ಮದುವೆ ಆದರು. ಆಕೆಗೆ ಮೊದಲ ಮದುವೆಯಿಂದ ಹೆಣ್ಣುಮಕ್ಕಳಿದ್ದರು. ಊರಿನ ಪೂರ್ವಕ್ಕೆ ಅವರ ಹೊಲಮನೆ. ಆ ಮನೆ ಇವತ್ತಿಗೂ ನಿಂತಿದೆ, ರಾಷ್ಟ್ರೀಯ ಸ್ಮಾರಕವಾಗಿದೆ. ದಕ್ಷಿಣದಿಂದ ತಪ್ಪಿಸಿಕೊಂಡ ಗುಲಾಮರು ರಾತ್ರಿ ಹೊತ್ತು ನಡೆದುಕೊಂಡು ಉತ್ತರಕ್ಕೆ ಬರ್ತಿದ್ದರು. ಒಂದು ಮನೆಯವರು ಇನ್ನೊಂದು ಮನೆಗೆ, ಅವರು ಮುಂದಿನ ಮನೆಗೆ, ಹೀಗೆ ಗುಟ್ಟಾಗಿ ದಾಟಿಸಿ ಕೆನಡಾದ ಕಡೆ ಕಳಿಸ್ತಿದ್ದರು. ಈ ಜಾಲಕ್ಕೆ ಅಂಡರ್‌ಗ್ರೌಂಡ್ ರೈಲ್‌ರೋಡ್ ಅಂತ ಹೆಸರು. ಹೆಸರು ಕೇಳಿ ನೆಲದಡಿ ರೈಲು ಅಂದ್ಕೋಬೇಡಿ. ಹಳಿಯೂ ಇಲ್ಲ, ಬೋಗಿಯೂ ಇಲ್ಲ. ಗಾಡಿ, ಹುಲ್ಲು, ಕತ್ತಲೆ, ಮತ್ತೆ ನಂಬಿಕಸ್ಥರಾದ ಜನ. ಪಾಸ್ಟರ್ ಲವ್‌ಜಾಯ್ ಮನೆ ಆ ದಾರಿಯ ಒಂದು ಸ್ಟೇಷನ್.

ಇಲ್ಲಿ ನಾನು ಯೂನಿಸ್ ಅಮ್ಮನವರನ್ನ ನೆನೆಯದೆ ಮುಂದೆ ಹೋಗಲಾರೆ. ರಾತ್ರಿ ಬಾಗಿಲು ಬಡಿದರೆ ಎದ್ದು ಒಲೆ ಹಚ್ಚಬೇಕಾದ್ದು ಮನೆಯೊಡತಿ. ಮನೆತುಂಬ ಮಕ್ಕಳು, ಎದುರಿಗೆ ಗುರುತಿಲ್ಲದ ಅತಿಥಿ, ಹಿಂದೆ ಹುಡುಕಿಕೊಂಡು ಬರೋ ಜನ. ವೇದಿಕೆ ಮೇಲೆ ಗಂಡ ನಿಂತಿದ್ದಾರೆ ಅಂದ್ರೆ ಮನೆಯಲ್ಲಿ ಹೆಂಡತಿ ಅಷ್ಟೇ ಬೆಲೆ ಕೊಟ್ಟಿದ್ದಾರೆ.

ಅದೇ 1843ರಲ್ಲಿ ಅವರ ಮೇಲೆ ಕೇಸ್ ಆಯ್ತು. ಆಗ್ನೆಸ್ ಮತ್ತು ನ್ಯಾನ್ಸಿ ಅನ್ನೋ ಇಬ್ಬರು ಮಹಿಳೆಯರಿಗೆ ಆಶ್ರಯ ಕೊಟ್ಟರು ಅನ್ನೋ ಆರೋಪ. ಮೇ ತಿಂಗಳಲ್ಲಿ ದೋಷಾರೋಪ, ಅಕ್ಟೋಬರ್‌ನಲ್ಲಿ ಪ್ರಿನ್ಸ್‌ಟನ್‌ನಲ್ಲೇ ವಿಚಾರಣೆ. ಅವರ ಪರ ವಾದಿಸಿದವರು ಷಿಕಾಗೋದ ವಕೀಲ ಜೇಮ್ಸ್ ಕಾಲಿನ್ಸ್. ಯಜಮಾನ ತಾನೇ ಮನಸ್ಸಿಂದ ತನ್ನ ಗುಲಾಮರನ್ನ ಸ್ವತಂತ್ರ ರಾಜ್ಯದೊಳಗೆ ಕರೆತಂದರೆ, ಆ ಮಣ್ಣಿನ ಮೇಲೆ ಅವರು ಸ್ವತಂತ್ರರು ಅನ್ನೋ ವಾದವನ್ನ ನ್ಯಾಯಾಧೀಶ ಜಾನ್ ಡೀನ್ ಕೇಟನ್ ಒಪ್ಪಿದರು. ಜ್ಯೂರಿ ಲವ್‌ಜಾಯ್ ಅವರನ್ನ ನಿರ್ದೋಷಿ ಅಂದಿತು. ದೇವರಿಗೆ ಸ್ತೋತ್ರ! ಅವರನ್ನ ಜೈಲಿಗೆ ಹಾಕಿಸಬೇಕು ಅಂತ ತಂದ ಕೇಸು, ಆ ಜಿಲ್ಲೆಯಲ್ಲೆಲ್ಲ ಗುಲಾಮಗಿರಿಯ ಬಗ್ಗೆ ಮಾತಾಡೋ ಹಾಗೆ ಮಾಡಿತು.

1850ರಲ್ಲಿ ಕಾನೂನು ಇನ್ನೂ ಬಿಗಿ ಆಯ್ತು. ಓಡಿ ಬಂದವರಿಗೆ ಸಹಾಯ ಮಾಡಿದರೆ 1000 ಡಾಲರ್ ತನಕ ದಂಡ, ಆರು ತಿಂಗಳ ತನಕ ಸೆರೆ. ಕಾನೂನಿಗೆ ವಿಧೇಯರಾಗಿರಬೇಕು ಅಂತ ರೋಮಾಪುರದವರಿಗೆ 13ನೇ ಅಧ್ಯಾಯ ಕಲಿಸುತ್ತೆ. ಅದನ್ನ ನಾನೂ ಕಲಿಸ್ತೀನಿ. ಹಾಗಾದರೆ ಲವ್‌ಜಾಯ್ ಮಾಡಿದ್ದು ಸರಿಯಾ? ವಿಮೋಚನಕಾಂಡ 1ನೇ ಅಧ್ಯಾಯಕ್ಕೆ ಹೋಗಿ. ಗಂಡುಮಕ್ಕಳನ್ನ ಕೊಲ್ಲಿ ಅಂತ ಫರೋಹನ ಆಜ್ಞೆ ಇತ್ತು. ಶಿಫ್ರಾ, ಪೂಗಾ ಅನ್ನೋ ಇಬ್ಬರು ಸೂಲಗಿತ್ತಿಯರು ದೇವರಿಗೆ ಭಯಪಟ್ಟು ಕೊಲ್ಲಲಿಲ್ಲ. ದೇವರು ಅವರನ್ನ ಬೈಯಲಿಲ್ಲ, ಆಶೀರ್ವದಿಸಿದರು. ನಮ್ಮ ಅನುಕೂಲಕ್ಕೆ ಸಿಗ್ನಲ್ ಹಾರಿಸೋದು, ಟ್ಯಾಕ್ಸ್ ಬಚ್ಚಿಡೋದು ಬೇರೆ. ಇನ್ನೊಬ್ಬರ ಜೀವ ಉಳಿಸೋಕೆ ನಾವು ಬೆಲೆ ತೆರೋದು ಬೇರೆ. ಓವನ್ ತಮ್ಮ ಲಾಭಕ್ಕಾಗಿ ಕಾನೂನು ಮುರಿಯಲಿಲ್ಲ. ದಂಡಕ್ಕೂ ಸೆರೆಗೂ ತಯಾರಾಗಿ, ಬಾಗಿಲು ತೆರೆದರು. ಅಷ್ಟಕ್ಕೇ ನಿಲ್ಲದೆ ಆ ಕಾನೂನನ್ನೇ ಬದಲಾಯಿಸೋಕೆ ಹೊರಟರು.

ಹೀಗೆ ಅವರು ರಾಜಕೀಯಕ್ಕೆ ಬಂದರು. ಗುಲಾಮಗಿರಿ ವಿರೋಧಿಸುವ ಸಣ್ಣ ಪಕ್ಷ, ಲಿಬರ್ಟಿ ಪಾರ್ಟಿ ಕಡೆಯಿಂದ ನಿಂತರು. ಸೋತರು. ಗೆಲ್ಲೋ ಪಕ್ಷಗಳು ಇರಲಿಲ್ಲವಾ? ಇದ್ದವು. ಒಳ್ಳೆ ಭಾಷಣಕಾರ, ಜನಕ್ಕೆ ಗೊತ್ತಿರೋ ಮುಖ. ಆ ಒಂದು ವಿಷಯ ಸ್ವಲ್ಪ ಮೆತ್ತಗೆ ಮಾಡಿದ್ದರೆ ಸೀಟು ಸಿಗ್ತಿತ್ತು. ಮತ್ತೆ ಅದೇ ಷರತ್ತು! ಸಭೆಯಲ್ಲಿ ಬಂದ ಷರತ್ತೇ ಈಗ ರಾಜಕೀಯದ ವೇಷ ಹಾಕಿಕೊಂಡು ಬಂತು. ಅವರು ಕಾದರು. 1854ರಲ್ಲಿ ರಾಜ್ಯದ ಶಾಸನಸಭೆಗೆ ಗೆದ್ದರು. 1856ರಲ್ಲಿ ಕಾಂಗ್ರೆಸ್‌ನ ಕೆಳಮನೆಗೆ. ಅಣ್ಣ ಸತ್ತು ಆಗಲೇ 19 ವರ್ಷ.

ಲಿಂಕನ್ ಜೊತೆಗಿನ ಸಂಬಂಧ ನನಗೆ ತುಂಬಾ ಪಾಠ ಕಲಿಸಿದೆ. 1854ರ ಅಕ್ಟೋಬರ್‌ನಲ್ಲಿ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ಲಿಂಕನ್ ಮಾತಾಡಿದ ದಿನವೇ ಲವ್‌ಜಾಯ್ ಮತ್ತು ಅವರ ಸ್ನೇಹಿತರು ಹೊಸ ಪಕ್ಷಕ್ಕಾಗಿ ಒಂದು ಕೂಟ ಕರೆದರು. ಲಿಂಕನ್ ಅಲ್ಲಿಗೆ ಹೋಗಲಿಲ್ಲ. ಈ ತೀವ್ರವಾದಿಗಳ ಜೊತೆ ಕಾಣಿಸಿಕೊಂಡರೆ ತಮ್ಮ ರಾಜಕೀಯಕ್ಕೆ ಪೆಟ್ಟು ಅಂತ ಊರು ಬಿಟ್ಟು ಹೋದರು. 1856ರಲ್ಲಿ ಲವ್‌ಜಾಯ್‌ಗೆ ಟಿಕೆಟ್ ಸಿಕ್ಕಾಗಲೂ ಲಿಂಕನ್‌ಗೆ ಮೊದಲು ಖುಷಿ ಇರಲಿಲ್ಲ. ನಾವಾಗಿದ್ದರೆ ಏನು ಮಾಡ್ತಿದ್ದೆವು? ವಾಟ್ಸಾಪ್ ಗ್ರೂಪಿಂದಲೇ ತೆಗೆದು ಹಾಕ್ತಿದ್ದೆವು! ಲವ್‌ಜಾಯ್ ಹಾಗೆ ಮಾಡಲಿಲ್ಲ. ತಮ್ಮ ಮಾತು ಮೆತ್ತಗೆ ಮಾಡಲೂ ಇಲ್ಲ, ತಮಗಿಂತ ನಿಧಾನವಾಗಿ ನಡೆಯೋ ಸಹೋದರನನ್ನ ಬಿಟ್ಟು ಹೋಗಲೂ ಇಲ್ಲ. ಆಮೇಲೆ ಲಿಂಕನ್ ಅಧ್ಯಕ್ಷರಾದಾಗ ಅವರು ತಡಮಾಡ್ತಿದ್ದಾರೆ ಅಂತ ಗುಲಾಮಗಿರಿ ವಿರೋಧಿಗಳೇ ಬೈತಿದ್ದಾಗ ಲವ್‌ಜಾಯ್ ಬಹಿರಂಗವಾಗಿ ಅವರ ಪರ ನಿಂತರು. ಗುರಿಯಲ್ಲಿ ಗಟ್ಟಿ, ಮನುಷ್ಯರ ವಿಷಯದಲ್ಲಿ ತಾಳ್ಮೆ. ಈ ಎರಡೂ ಒಬ್ಬರಲ್ಲೇ ಇರೋದು ಅಪರೂಪ.

ಕಾಂಗ್ರೆಸ್‌ನಲ್ಲಿ ಅವರು ಹೇಗಿದ್ದರು? 1859ರ ಫೆಬ್ರವರಿಯಲ್ಲಿ, ಗುಲಾಮರ ಒಡೆಯರೂ ಕೂತಿದ್ದ ಆ ಸದನದಲ್ಲಿ ಎದ್ದು ನಿಂತು, ತಮ್ಮ ಮನೆ ಯಾವ ಊರಲ್ಲಿ, ಊರಿಂದ ಯಾವ ಕಡೆಗೆ ಎಷ್ಟು ದೂರ ಅಂತ ವಿಳಾಸವನ್ನೇ ಹೇಳಿ, ಬಾಗಿಲಿಗೆ ಬಂದ ಪ್ರತಿಯೊಬ್ಬ ಓಡಿ ಬಂದವನಿಗೂ ತಾನು ಸಹಾಯ ಮಾಡ್ತೀನಿ ಅಂತ ಘೋಷಿಸಿದರು.

1860ರ ಏಪ್ರಿಲ್ 5ರಂದು ಇನ್ನೂ ಜೋರಾಯ್ತು. ಗುಲಾಮಗಿರಿ ಕಳ್ಳತನಕ್ಕಿಂತ ಕೆಟ್ಟದ್ದು ಅಂತ ಅವರು ಮಾತಾಡ್ತಾ ಸದನದ ಮಧ್ಯಕ್ಕೆ ಬಂದಾಗ, ಎದುರಾಳಿಗಳು ಮುಷ್ಟಿ ಕಟ್ಟಿ, ಕೋಲು ಬೀಸಿಕೊಂಡು ಮೇಲೆ ಬಂದರು. ವರ್ಜೀನಿಯದ ರೋಜರ್ ಪ್ರಯರ್ ಮುಂದೆ ನುಗ್ಗಿದರು, ವಿಸ್ಕಾನ್ಸಿನ್‌ನ ಜಾನ್ ಪಾಟರ್ ಅಡ್ಡ ಬಂದರು. ಅವರಿಬ್ಬರ ಜಗಳ ದ್ವಂದ್ವಯುದ್ಧದ ಸವಾಲಿನ ತನಕ ಹೋಯ್ತು. ಗಲಾಟೆ ತಣ್ಣಗಾದ ಮೇಲೆ ಲವ್‌ಜಾಯ್ ಭಾಷಣ ಪೂರ್ತಿ ಮಾಡಿದರು. ಮಿಸಿಸಿಪ್ಪಿ ದಡದಲ್ಲಿ ಅಣ್ಣನ ರಕ್ತ ಚೆಲ್ಲಿದ್ದನ್ನ ಅವರಿಗೆ ನೆನಪಿಸಿದರು. ಅಷ್ಟಾದರೂ ನೀವು ನನ್ನನ್ನ ಸುಮ್ಮನಿರಿಸೋಕೆ ಆಗಲಿಲ್ಲ ಅನ್ನೋದು ಆ ಮಾತಿನ ತಿರುಳು. ಶವದ ಪಕ್ಕ ಮಾಡಿದ ಹರಕೆಗೆ ಅವತ್ತಿಗೆ 22 ವರ್ಷ. ಕೂಟದಲ್ಲಿ ಕಣ್ಣೀರು ಹಾಕಿ ಮಾಡಿದ ತೀರ್ಮಾನ ನಮಗೆ 22 ದಿನ ಉಳಿಯುತ್ತಾ, ಪ್ರಿಯರೇ?

1861ರಲ್ಲಿ ಅಂತರ್ಯುದ್ಧ ಶುರುವಾಯ್ತು. ಆಗ ಆ ದೇಶದಲ್ಲಿ ಸುಮಾರು 40 ಲಕ್ಷ ಗುಲಾಮರು. ಅದೇ ವರ್ಷ ಜುಲೈ 9ರಂದು ಕೆಳಮನೆ ಲವ್‌ಜಾಯ್ ಅವರ ಒಂದು ನಿರ್ಣಯವನ್ನ ಒಪ್ಪಿತು. ಓಡಿ ಬಂದ ಗುಲಾಮರನ್ನ ಹಿಡಿದು ವಾಪಸ್ ಕೊಡೋದು ಸೈನಿಕರ ಕೆಲಸ ಅಲ್ಲ ಅಂತ. ಧರ್ಮೋಪದೇಶಕಾಂಡ 23 ನೆನಪಾಯ್ತಾ? ಹಳ್ಳಿ ಮನೆಯ ಅಡುಗೆಮನೆಯಲ್ಲಿ ಪಾಲಿಸಿದ ವಾಕ್ಯ ಈಗ ರಾಜಧಾನಿಯಲ್ಲಿ ನಿರ್ಣಯ ಆಯ್ತು. 1862ರ ಏಪ್ರಿಲ್ 16ರಂದು ರಾಜಧಾನಿ ವಾಷಿಂಗ್ಟನ್‌ನಲ್ಲಿ ಗುಲಾಮಗಿರಿ ರದ್ದಾಯ್ತು. ಜೂನ್ 19ರಂದು, ಇನ್ನೂ ರಾಜ್ಯಗಳಾಗದ ಎಲ್ಲಾ ಪ್ರದೇಶಗಳಲ್ಲಿ ಗುಲಾಮಗಿರಿ ನಿಷೇಧಿಸುವ ಕಾನೂನು ಬಂತು. ಅದಕ್ಕಾಗಿ ಸದನದಲ್ಲಿ ಮುಂದೆ ನಿಂತು ಹೋರಾಡಿದವರಲ್ಲಿ ಲವ್‌ಜಾಯ್ ಇದ್ದರು. 1863ರ ಜನವರಿ 1ಕ್ಕೆ ಲಿಂಕನ್ ಅವರ ವಿಮೋಚನೆಯ ಘೋಷಣೆ.

ಆದರೆ ಅವರ ದೇಹ ಸೋಲ್ತಾ ಬಂತು. 1864ರ ಮಾರ್ಚ್ 25ರಂದು, ನ್ಯೂಯಾರ್ಕ್ ಪಕ್ಕದ ಬ್ರೂಕ್ಲಿನ್‌ನಲ್ಲಿ ಓವನ್ ಲವ್‌ಜಾಯ್ ತೀರಿಕೊಂಡರು. 53 ವರ್ಷ. ಇಡೀ ದೇಶದಲ್ಲಿ ಗುಲಾಮಗಿರಿಯನ್ನ ಸಂವಿಧಾನದಿಂದಲೇ ಕಿತ್ತು ಹಾಕಿದ 13ನೇ ತಿದ್ದುಪಡಿ ಮೇಲ್ಮನೆಯಲ್ಲಿ ಪಾಸಾದದ್ದು ಏಪ್ರಿಲ್ 8ಕ್ಕೆ. ಎರಡು ವಾರ! ಅವರು ಕೂತಿದ್ದ ಕೆಳಮನೆಯಲ್ಲಿ ಪಾಸಾದದ್ದು 1865ರ ಜನವರಿ 31ಕ್ಕೆ. ಆ ದಿನ ಅವರ ಕುರ್ಚಿಯಲ್ಲಿ ಬೇರೆಯವರಿದ್ದರು. ಇಬ್ರಿಯರಿಗೆ 11ನೇ ಅಧ್ಯಾಯದಲ್ಲಿ ನಂಬಿಕೆಯ ಪಟ್ಟಿ ಇದೆಯಲ್ಲ, ವಾಗ್ದಾನವನ್ನ ದೂರದಿಂದಲೇ ಕಂಡು ಸಂತೋಷಪಟ್ಟು ಸತ್ತವರ ಪಟ್ಟಿ. ಅಂಥವರ ಸಾಲಿನಲ್ಲಿ ನಾನು ಇವರನ್ನ ನೋಡ್ತೀನಿ.

ಈಗ ಆರಂಭದ ಪ್ರಶ್ನೆಗೆ ಬರೋಣ. ಲವ್‌ಜಾಯ್ ತೀರಿಕೊಂಡ ಎರಡು ತಿಂಗಳಿಗೆ ಲಿಂಕನ್ ಪ್ರಿನ್ಸ್‌ಟನ್‌ನ ಒಬ್ಬರಿಗೆ ಪತ್ರ ಬರೆದರು. ಯುದ್ಧದ ಮಧ್ಯೆ ಬರೆದದ್ದು. ಅದರ ಸಾರಾಂಶ ಇಷ್ಟು: ಹತ್ತು ವರ್ಷದ ಪರಿಚಯ, ಪ್ರತಿ ಹೆಜ್ಜೆಗೂ ಅವರ ಮೇಲೆ ಗೌರವ ಹೆಚ್ಚಿತು. ಅವರಿಗೆ ಮೇಲೆ ಬರಬೇಕು ಅನ್ನೋ ಆಸೆ ಇತ್ತು. ಆದರೆ ತಮ್ಮ ತತ್ವಗಳು ಜನಕ್ಕೆ ಬೇಡವಾಗಿದ್ದ ಕಾಲದಲ್ಲಿ ಹೆಸರಿಲ್ಲದೆ ಇರೋದನ್ನ ಧೈರ್ಯದಿಂದ ಸಹಿಸಿದರು. ತಮ್ಮ ಜೊತೆಗೆ ತಮ್ಮ ತತ್ವಗಳನ್ನೂ ಒಳಗೆ ಬಿಟ್ಟುಕೊಳ್ಳೋ ತನಕ ಯಾವ ಪದವಿಯನ್ನೂ ತಗೊಳ್ಳಲಿಲ್ಲ.

ಹಿಂದೊಮ್ಮೆ ಇವರ ಜೊತೆ ಕಾಣಿಸಿಕೊಳ್ಳಬಾರದು ಅಂತ ಊರು ಬಿಟ್ಟು ಹೋದ ಲಿಂಕನ್ ಕೊಟ್ಟ ಸಾಕ್ಷಿ ಇದು.

ಆಸೆ ಪಾಪ ಅಲ್ಲ, ಯೌವನಸ್ಥರೇ. ದೇವರು ಯೋಸೇಫನನ್ನೂ ದಾನಿಯೇಲನನ್ನೂ ಎಸ್ತೇರಳನ್ನೂ ಅರಮನೆಗೆ ಕಳಿಸಿದರು. ಪ್ರಮೋಷನ್ ಬೇಕಾ, ಕೇಳಿ. ಪ್ರಾರ್ಥನೆ ಮಾಡಿ, ದುಡಿಯಿರಿ. ಆದರೆ ಆ ಬಾಗಿಲ ಹತ್ತಿರ ನಿಂತಾಗ ಒಂದು ವಿಷಯ ನೋಡಿಕೊಳ್ಳಿ. ಒಳಗೆ ನಾನೊಬ್ಬನೇ ಹೋಗಬೇಕಾ, ನನ್ನ ಸಾಕ್ಷಿಯೂ ನನ್ನ ಜೊತೆ ಬರಬಹುದಾ? ಸಾಕ್ಷಿಯನ್ನ ಹೊರಗೆ ಚಪ್ಪಲಿ ಜೊತೆ ಬಿಟ್ಟು ಬಾ ಅಂದರೆ ಆ ಬಾಗಿಲು ಇನ್ನೂ ನಿಮ್ಮದಲ್ಲ. ಕಾಯಿರಿ.

ನಿಮ್ಮ ಮುಂದೆ ಬರೋ ಷರತ್ತು ಯಾವುದು ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಲೆಕ್ಕದಲ್ಲಿ ಒಂದು ನಂಬರ್ ತಿದ್ದು ಅನ್ನಬಹುದು. ಟೀಮಿನಲ್ಲಿ ಒಬ್ಬರ ಜಾತಿ ಹಿಡಿದು ಗೇಲಿ ಮಾಡುವಾಗ ನಗು, ಇಲ್ಲದಿದ್ದರೆ ಸುಮ್ಮನಿರು ಅನ್ನಬಹುದು. ನಮ್ಮ ಮನೆಯಲ್ಲೇ ಕೆಲಸಕ್ಕೆ ಬರೋ ಅಕ್ಕನಿಗೆ ಬೇರೆ ಲೋಟ ಇಟ್ಟಿದ್ದರೆ, ಅಮ್ಮನ ಹತ್ತಿರ ಆ ಮಾತು ಎತ್ತಬೇಡ ಅನ್ನಬಹುದು. ಪೌಲನು ಫಿಲೆಮೋನನಿಗೆ ಏನು ಬರೆದ? ಓಡಿ ಹೋಗಿದ್ದ ಒನೇಸಿಮನನ್ನ ಇನ್ನು ದಾಸನಾಗಿ ಅಲ್ಲ, ಪ್ರಿಯ ಸಹೋದರನಾಗಿ ಸೇರಿಸಿಕೋ ಅಂತ. ಆ ಪತ್ರ ನಮ್ಮ ಮನೆಯ ವಿಳಾಸಕ್ಕೂ ಬಂದಿದೆ.

ಈ ವಾರ ಒಂದು ಕೆಲಸ ಮಾಡಿ. ನೀವು ಯಾವ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿದ್ದೀರೋ ಅದನ್ನ ಒಂದು ಕಾಗದದಲ್ಲಿ ಬರೆದು ದೇವರ ಸನ್ನಿಧಿಯಲ್ಲಿ ಇಡಿ. ಮೊದಲು ಯಾರ ಹತ್ತಿರ ಮಾತಾಡಬೇಕು ಅಂತ ಕೇಳಿ. ಕೋಪದಿಂದ ಬೇಡ. ಓವನ್ ಸೇಡು ಹಿಡಿದು ಹೋಗಲಿಲ್ಲ. ಪ್ರೀತಿಯಿಂದ, ಸತ್ಯದಿಂದ, ಬೆಲೆ ಕೊಡೋಕೆ ತಯಾರಾಗಿ ಹೋಗಿ. ಪವಿತ್ರಾತ್ಮನ ಬಲ ನಮಗೆ ಬಂದಿರೋದು ಸಾಕ್ಷಿಗಳಾಗಿರೋಕೆ, ಅಪೊಸ್ತಲರ ಕೃತ್ಯಗಳು 1:8 ಕಲಿಸೋದು ಅದನ್ನೇ.

ಎಲ್ಲರೂ ಎದ್ದು ನಿಂತು ಕಣ್ಣು ಮುಚ್ಚೋಣ. ಪ್ರೀತಿಯುಳ್ಳ ತಂದೆಯೇ, ಬಾಗಿಲು ಬಡಿಯೋರ ಶಬ್ದ ಕೇಳುವ ಕಿವಿ ನಮಗೆ ಕೊಡಿ. ಸ್ಥಾನಕ್ಕಾಗಿ ಸತ್ಯವನ್ನ ಮಾರದ ಹೃದಯ ಕೊಡಿ. ಫಲವನ್ನ ನಮ್ಮ ಕಣ್ಣಿಂದ ನೋಡದೇ ಹೋದರೂ ಬಿತ್ತುವ ಕೈಗಳನ್ನ ಕೊಡಿ. ಇಲ್ಲಿರುವ ಪ್ರತಿಯೊಬ್ಬ ಮಗನನ್ನೂ ಮಗಳನ್ನೂ ನಿಮ್ಮ ಆತ್ಮದಿಂದ ತುಂಬಿಸಿರಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.